ಹಾಲಿ ಮುಕ್ಕಾಂ ಲೀಕ್ಸ್‌ಲಿಪ್

ನನ್ನ ಹೆಸರಿನ ದೆಸೆಯಿಂದ ಏನಾದರೊಂದು ಎಡವಟ್ಟು ಆಗುತ್ತಲೇ ಇರುತ್ತದೆ. ಸ್ವಲ್ಪ ದಿನ ಏನೂ ಆಗದಿದ್ದರೆ ನನಗೇ ಸಮಾಧಾನ ಇರುವುದಿಲ್ಲ, ಎಲ್ಲೋ ಏನೋ ಕಾದಿದೆ ಎಂದು ಜೀವ ಚಡಪಡಿಸತೊಡಗುತ್ತದೆ.

ಹಾವೇರಿ ಕಡೆಯ ನಾವು ಊರಿನ ಹೆಸರನ್ನೇ ಅಡ್ಡಹೆಸರು ಮಾಡಿಕೊಂಡವರು. ನಮ್ಮೂರು ವನಹಳ್ಳಿ. ಅಲ್ಲಿಂದ ಹೊರಬಿದ್ದ ಬಡಗಿಯೂ ವನಹಳ್ಳಿ, ವಕೀಲನೂ ವನಹಳ್ಳಿ, ನಾನೂ ವನಹಳ್ಳಿ. ಊರೊಳಗೇ ಉಳಿದವನಿಗೆ ಮಾತ್ರ ಈ ಹೆಸರಿಂದ ಏನೂ ಉಪಯೋಗವಿಲ್ಲ. ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಗ ನನ್ನ ಹೆಸರು ಕೇಳಿದವರೊಬ್ಬರು, ಅಲ್ಲಿಗೆ ಮೆಟ್ರೋ ಯಾವಾಗ ಬರುತ್ತಂತೆ ಎಂದು ವಿಚಾರಿಸಿದ್ದರು.

ಈಗ ಐರ್ಲೆಂಡಿನ ಲೀಕ್ಸ್‌ಲಿಪ್‌ನಲ್ಲಿ ಕಂಪ್ಯೂಟರ್ ಚಿಪ್ ಮಾಡುವ ಕಾರ್ಖಾನೆಯಲ್ಲಿ ಇಂಜಿನಿಯರ್ ಆಗಿದ್ದೇನೆ. ಕೆಲಸದ ಹೊತ್ತಿನಲ್ಲಿ ಅಡಿಯಿಂದ ಮುಡಿಯವರೆಗೆ ಬಿಳಿ ಸೂಟು ಹಾಕಿಕೊಂಡಿರಬೇಕು, ಮೂಗು ತುರಿಸಿದರೂ ಕೆರೆದುಕೊಳ್ಳುವ ಹಾಗಿಲ್ಲ. ಅಲ್ಲಿ ಬಿಗಿಹಿಡಿದದ್ದೆಲ್ಲ ಮನೆಗೆ ಬಂದ ಮೇಲೆ ಹೊರಬೀಳುತ್ತದೆ. ಕೂತರೆ ಏಳಬೇಕು ಅನ್ನಿಸುತ್ತದೆ, ಎದ್ದರೆ ಯಾಕೆ ಎದ್ದೆ ಎಂದು ಮರೆತುಹೋಗುತ್ತದೆ. ಹೆಂಡತಿ ಮೈಸೂರಿನವಳು, ಡಬ್ಲಿನ್ನಿನ ಆಸ್ಪತ್ರೆಯೊಂದರಲ್ಲಿ ಡಾಕ್ಟರ್. ನನ್ನ ಕಾಯಿಲೆಗೆ ಮಾತ್ರೆ ಇಲ್ಲ, ಹಗ್ಗ ಒಂದೇ ಇರೋದು ಅನ್ನುತ್ತಾಳೆ. ಇಂಥ ನನಗೆ ಈ ಬೇಸಿಗೆಯಲ್ಲಿ ಒಂದು ಇಡೀ ಡಚ್ ಕುಟುಂಬವೇ ಗಂಟುಬಿತ್ತು.

೧. ಪಾದುಕೆ

ಹಾವೇರಿಯಿಂದ ಅವ್ವ ಬಂದಿದ್ದಳು. ಲೀಕ್ಸ್‌ಲಿಪ್‌ನಲ್ಲಿ ಅವಳಿಗೆ ಮಾಡಲು ಕೆಲಸವಿಲ್ಲ, ಮಾತಾಡಲು ಜನವಿಲ್ಲ. ನನ್ನ ಚಡಪಡಿಕೆ ಎಲ್ಲಿಂದ ಬಂದದ್ದು ಎಂಬುದು ಅವಳು ಬಂದ ಮೇಲೆ ನನ್ನ ಹೆಂಡತಿಗೆ ಅರ್ಥವಾಯಿತು. ಬೆಳಿಗ್ಗೆ ಎದ್ದರೆ ಮುಂಬಾಗಿಲಿಂದ ಹಿಂಬಾಗಿಲಿಗೆ, ಹಿಂಬಾಗಿಲಿಂದ ಮುಂಬಾಗಿಲಿಗೆ ನಡೆದದ್ದೇ ನಡೆದದ್ದು. ಊರಿನಲ್ಲಾದರೆ ದಾರಿಯಲ್ಲಿ ಹೋಗುವವರನ್ನು ಹಿಡಿದು ಯಾವ ಊರು, ಯಾವ ಓಣಿ, ಯಾರ ಮನೆ ಎಂದು ಮೂರು ಪ್ರಶ್ನೆ ಕೇಳಿದರೆ ಅವಳಿಗೆ ಹೊತ್ತು ಹೋಗುತ್ತಿತ್ತು. ಇಲ್ಲಿ ದಾರಿಯಲ್ಲಿ ನಾಯಿ ಹಿಡಿದುಕೊಂಡು ಹೋಗುವವರು ಕೈ ಬೀಸುತ್ತಾರೆ, ನಿಲ್ಲುವುದಿಲ್ಲ.

ಒಂದು ದಿನ ಕಾರ್ಖಾನೆಯಿಂದ ಬಂದಾಗ ಮನೆಯೆಲ್ಲ ಊದುಬತ್ತಿಯ ವಾಸನೆ. ಅವ್ವ ಮೆಲುದನಿಯಲ್ಲಿ, “ಮಠದಿಂದ ಪಾದುಕಾ ಬಂದಾವ. ಕೈಕಾಲು ತೊಳಕೊಂಡು ಬಾ,” ಅಂದಳು. ದೇವರ ಗೂಡಿನಲ್ಲಿ ನೋಡಿದರೆ ಮರದಲ್ಲಿ ಕೊರೆದ ಒಂದು ಜೊತೆ ಬೂಟು. ದೋಣಿಯಂತೆ ಮೂತಿ ಮೇಲೆತ್ತಿಕೊಂಡ, ಹಳದಿ ಬಣ್ಣದ, ಕೆಂಪು ಹೂವಿನ ಚಿತ್ತಾರದ ಬೂಟು. ಅದಕ್ಕೆ ವಿಭೂತಿ, ಕುಂಕುಮ, ಮೇಲೊಂದು ಗುಲಾಬಿ. ಪೋಸ್ಟ್‌ಮ್ಯಾನ್ ಡಬ್ಬಿ ಕೊಟ್ಟು ಹೋಗಿದ್ದಾನೆ, ಅವ್ವ ಅಕ್ಷರ ಕೂಡಿಸಿ ನಮ್ಮ ಹೆಸರು ಓದಿಕೊಂಡಿದ್ದಾಳೆ, ಬಿಚ್ಚಿದ್ದಾಳೆ. ಊರಿನ ಮಠದ ಸ್ವಾಮಿಗಳು ಮರದ ಪಾದುಕೆ ಹಾಕುತ್ತಾರೆ. ಇಷ್ಟು ದೂರ ಇರುವ ಭಕ್ತರನ್ನು ಅವರು ನೆನೆಸಿಕೊಂಡರಲ್ಲ ಎಂದು ಅವಳ ಕಣ್ಣಲ್ಲಿ ನೀರು ಬೇರೆ.

ನಾನು ಡಬ್ಬಿಯ ಮೇಲಿನ ವಿಳಾಸ ಹುಡುಕುವುದರೊಳಗೆ ಬಾಗಿಲು ತಟ್ಟಿದ ಸದ್ದಾಯಿತು. ಎದುರುಮನೆಯಾಕೆ ನಿಂತಿದ್ದರು. ಎಪ್ಪತ್ತು ದಾಟಿದ, ಏಣಿಯಷ್ಟು ಎತ್ತರದ ಐರಿಷ್ ಹೆಂಗಸು. ಜೀವಮಾನವೆಲ್ಲ ಜನಕ್ಕೆ ಕಾರು ಓಡಿಸುವುದನ್ನು ಕಲಿಸಿ ರಿಟೈರ್ ಆದವರು, ಹಾಗಾಗಿ ನಮ್ಮ ಮನೆಯಲ್ಲಿ ಅವರನ್ನು ಟೀಚರ್ ಎಂದೇ ಕರೆಯುವುದು. ಅಮೆರಿಕದಿಂದ ತಮಗೊಂದು ಪಾರ್ಸೆಲ್ ಬರಬೇಕಿತ್ತು, ತಮ್ಮ ಹೆಸರು ವಾನ್‌ಹಾಲಿ, ಪೋಸ್ಟ್‌ಮ್ಯಾನ್ ಏನಾದರೂ ವನಹಳ್ಳಿ ಅಂತ ಓದಿಕೊಂಡು ಇಲ್ಲಿ ಕೊಟ್ಟನೇ ಎಂದು ಕೇಳಿದರು. ಕೇಳುತ್ತಿರುವಂತೆಯೇ ಅವರ ಕಣ್ಣು ನನ್ನ ಭುಜದ ಮೇಲಿಂದ ದೇವರ ಗೂಡಿಗೆ ಹೋಯಿತು.

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಟೀಚರ್ ಒಳಗೆ ಬಂದು ಗೂಡಿನ ಮುಂದೆ ಬಗ್ಗಿ ನಿಂತರು, ಬಹಳ ಹೊತ್ತು ನೋಡಿದರು. ಅವ್ವ ಅವರ ಕೈಗೂ ಸಕ್ಕರೆ ಪ್ರಸಾದ ಹಾಕಿದಳು.

ಟೀಚರ್ ಸಕ್ಕರೆ ಬಾಯಿಗೆ ಹಾಕಿಕೊಂಡು, “ನಮ್ಮ ಹಿರಿಯರು ಹಾಲೆಂಡಿನವರು, ಇಂಥ ಮರದ ಬೂಟು ಹಾಕ್ತಿದ್ದೋರು. ಅವರಿಗೆ ಅಲ್ಲೇ ಇಷ್ಟು ಮರ್ಯಾದೆ ಸಿಕ್ಕಿದ್ದಿದ್ರೆ ಐರ್ಲೆಂಡಿಗೆ ಬರ್ತಾನೇ ಇರ್ಲಿಲ್ಲ,” ಅಂದರು.

೨. ಬ್ರೇಕು

ಮಾರನೇ ದಿನ ಚಹಾಕ್ಕೆ ಕರೆದು ಟೀಚರ್ ಎಲ್ಲ ಹೇಳಿದರು. ನೂರಾರು ವರ್ಷಗಳ ಹಿಂದೆ ಲಿನನ್ ಎಂಬ ನಾರಿನ ಬಟ್ಟೆ ನೇಯಲೆಂದು ಹಾಲೆಂಡಿನಿಂದ ಬಂದ ನೇಕಾರರ ಪೈಕಿ ಇವರ ಮೂಲಪುರುಷನೂ ಒಬ್ಬ. ಡಚ್ ಭಾಷೆಯಲ್ಲಿ ‘ವಾನ್’ ಅಂದರೆ ‘ಇಂದ’. ಹಾಲಿ ಎಂಬ ಊರಿನಿಂದ ಬಂದವನು ವಾನ್‌ಹಾಲಿ. ನಮ್ಮದೂ ಅದೇ ಕತೆ, ಹಳ್ಳಿಯ ಹೆಸರನ್ನೇ ಹೊತ್ತುಕೊಂಡು ತಿರುಗುತ್ತೇವೆ ಅಂದೆ. ಹಾಗಾದರೆ ಪೋಸ್ಟ್‌ಮ್ಯಾನ್‌ದೇನೂ ತಪ್ಪಿಲ್ಲ ಎಂದು ಅವರು ತೀರ್ಪು ಕೊಟ್ಟರು.

ಆ ಕುಟುಂಬ ಕಾಲಾನುಕಾಲಕ್ಕೆ ಅಮೆರಿಕ, ಕೆನಡಾ, ದಕ್ಷಿಣ ಆಫ್ರಿಕಾ ಎಂದು ಚದುರಿಹೋಗಿ, ಈಗ ಎಲ್ಲರೂ ಐರ್ಲೆಂಡಿನಲ್ಲಿ ಸೇರಿ ಬೇರು ಹುಡುಕಬೇಕೆಂದು ಹೊರಟಿದ್ದರು. ಕಡೆಯ ದಿನ ದೇಶ ದೇಶದ ಕವಲು ಬೇರೆ ಬೇರೆಯಾಗಿ ವೇದಿಕೆಯ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುವುದು, ಅದನ್ನು ಕುಟುಂಬದ ಪುಸ್ತಕದಲ್ಲಿ ಹಾಕುವುದು ಎಂದು ಅಮೆರಿಕದವರು ಗೊತ್ತುಮಾಡಿದ್ದರು. ಟೀಚರಿಗೆ ನಿದ್ದೆ ಕೆಡಿಸಿದ್ದು ಈ ಫೋಟೋ. ಅವರು ಮದುವೆಯಾದವರಲ್ಲ, ಇದ್ದೊಬ್ಬ ತಮ್ಮ ತೀರಿಕೊಂಡಿದ್ದ. ಐರ್ಲೆಂಡಿನಲ್ಲಿ ಆ ಹೆಸರಿಗೆ ಉಳಿದವರು ಅವರೊಬ್ಬರೇ.

“ಅಮೆರಿಕ ಅಂತ ಕರೆದ್ರೆ ಒಂದು ಫುಟ್‌ಬಾಲ್ ಟೀಮೇ ಎದ್ದು ನಿಲ್ಲತ್ತೆ,” ಅಂದರು. “ಐರ್ಲೆಂಡ್ ಅಂದಾಗ ನಾನೊಬ್ಬಳು ಎದ್ದು ನಿಂತ್ರೆ, ಟಾಯ್ಲೆಟ್ ಎಲ್ಲಿ ಅಂತ ಹುಡುಕ್ತಿದೀನಿ ಅಂದ್ಕೋತಾರೆ.”

ನಗುತ್ತಲೇ ಹೇಳಿದರು, ಆದರೆ ಬಲಗಾಲು ನೆಲವನ್ನು ಒತ್ತುತ್ತಿತ್ತು. ಅದು ಅವರ ಅಭ್ಯಾಸ. ಕಲಿಯುವವರ ಪಕ್ಕದಲ್ಲಿ ಕೂತು ಬ್ರೇಕ್ ಒತ್ತಿ ಒತ್ತಿ, ಈಗ ಸೋಫಾದ ಮೇಲೆ ಕೂತಾಗಲೂ ಮನಸ್ಸಿಗೆ ದಿಗಿಲಾದರೆ ಕಾಲು ತಾನಾಗಿ ಬ್ರೇಕ್ ಹುಡುಕುತ್ತದೆ. ಕಾರ್ಕ್ ಹತ್ತಿರದ ಡಗ್ಲಸ್‌ನಲ್ಲಿ ತಮ್ಮನ ಮಗಳೊಬ್ಬಳಿದ್ದಾಳೆ, ಗಂಡ ಮಕ್ಕಳನ್ನು ಕರಕೊಂಡು ಬರುತ್ತೇನೆ ಅಂದಿದ್ದಾಳೆ, ಅವಳು ಬಂದರೆ ನಾಲ್ಕು ತಲೆಯಾದರೂ ಆಗುತ್ತದೆ ಎಂದು ತಮಗೇ ಧೈರ್ಯ ಹೇಳಿಕೊಂಡರು. ನನಗೆ ಅಯ್ಯೋ ಪಾಪ ಅನ್ನಿಸಿತು. ಅದೇ ಗಳಿಗೆಯಲ್ಲಿ, ಕಾರು ನಾನು ಓಡಿಸುತ್ತೇನೆ, ಸಭೆಯಲ್ಲಿ ಪ್ರೊಜೆಕ್ಟರ್ ನಾನು ನೋಡಿಕೊಳ್ಳುತ್ತೇನೆ ಎಂದು ಬಾಯಿಬಿಟ್ಟೆ.

ಅಮೆರಿಕದ ದೊಡ್ಡ ತಂಡ ಬಂದಿಳಿದು ಬಸ್ಸಿನಲ್ಲಿ ಹೋಟೆಲಿಗೆ ಹೋಯಿತು. ಬೇರೆ ವಿಮಾನದಲ್ಲಿ ಬರುತ್ತಿದ್ದ ಅವರ ಮುಖಂಡನನ್ನು ಕರೆತರಲು ನಾನೂ ಟೀಚರೂ ಏರ್‌ಪೋರ್ಟಿಗೆ ಹೋದೆವು. ಹೋಗುವ ದಾರಿಯುದ್ದಕ್ಕೂ ಟೀಚರ್ ಪಕ್ಕದಲ್ಲಿ ಕೂತು ಇಲ್ಲದ ಬ್ರೇಕು ಒತ್ತಿದರು. ಅವರು ಒತ್ತಿದಾಗಲೆಲ್ಲ ನನ್ನ ಕಾಲೂ ತಾನಾಗಿ ಒತ್ತುತ್ತಿತ್ತು. ಸ್ವೋರ್ಡ್ಸ್ ಎಂಬ ಊರಿನ ಕಡೆಯ ತಿರುವಿನಲ್ಲಿ ಹಿಂದಿನ ಕಾರಿನವನು ನಮ್ಮನ್ನು ದಾಟಿ ಹೋಗುವಾಗ, ಕಲಿಯುವವರು ಅಂಟಿಸಿಕೊಳ್ಳುವ ‘ಎಲ್’ ಬೋರ್ಡ್ ನನ್ನ ಕಾರಿಗೆ ಯಾಕಿಲ್ಲ ಎಂದು ಸನ್ನೆಯಲ್ಲೇ ಕೇಳಿದ.

ಬಂದಿಳಿದವನು ಕಿತ್ತಳೆ ಬಣ್ಣದ ಅಂಗಿ, ಕಿತ್ತಳೆ ಟೋಪಿಯ ಆರಡಿ ಮನುಷ್ಯ. ಕಾರು ಹತ್ತಿದ ಕೂಡಲೇ ನನ್ನ ಊರು ಯಾವುದು ಎಂದು ಕೇಳಿದ. ಲೀಕ್ಸ್‌ಲಿಪ್ ಅಂದೆ. ಅದಲ್ಲ, ಮೂಲದ್ದು ಅಂದ. ಹಾವೇರಿ ಅಂದೆ.

“ಹಾವೇರಿ, ಹಾಲೆಂಡಿನ ಹಾರ್ಲೆಂ ಹತ್ತಿರಾನಾ?”

ಅಲ್ಲಪ್ಪಾ, ಹುಬ್ಬಳ್ಳಿ ಹತ್ತಿರ ಅಂದೆ. ಕನ್ನಡಿಯಲ್ಲಿ ನೋಡಿದರೆ ಅವನು ಫೋನಿನಲ್ಲಿ ವಂಶವೃಕ್ಷ ತೆಗೆದು ಬಹಳ ಗಂಭೀರವಾಗಿ ಹುಡುಕುತ್ತಿದ್ದ. ಆಮೇಲೆ ಟೀಚರ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದ. ಈ ಹುಬ್‌ಹಾಲಿ ಕವಲಿನ ವಿಷಯ ನಮಗೆ ಯಾರೂ ಹೇಳೇ ಇರಲಿಲ್ಲವಲ್ಲ ಅಂದ.

೩. ಮಣ್ಣು

ಎರಡನೇ ದಿನ ಎಲ್ಲರನ್ನೂ ಬಸ್ಸಿನಲ್ಲಿ ತುಂಬಿಕೊಂಡು ಹಿರಿಯರ ಜಾಗ ನೋಡಲು ಹೋದೆವು. ನೇಯ್ದ ಬಟ್ಟೆ ಬೆಳ್ಳಗಾಗಲೆಂದು ಆ ಕಾಲದವರು ಹುಲ್ಲಿನ ಮೇಲೆ ಹಾಸುತ್ತಿದ್ದ ಬಯಲು ಅದು. ಈಗ ಅಲ್ಲಿ ಹಸು ಮೇಯುತ್ತವೆ. ಗಾಳಿ, ಜಿಟಿಜಿಟಿ ಮಳೆ, ಮತ್ತೆ ಬಿಸಿಲು, ಮತ್ತೆ ಮಳೆ. ಮಳೆ ಬಂದಾಗ ಎಲ್ಲರೂ ಬಸ್ಸಿಗೆ ಓಡುವುದು, ನಿಂತಾಗ ಇಳಿಯುವುದು. ಹತ್ತಿ ಇಳಿದು ಹತ್ತಿ ಇಳಿದು ಬಸ್ಸಿನ ಮೆಟ್ಟಿಲಿನ ಪರಿಚಯವಾದಷ್ಟು ಹಿರಿಯರ ಪರಿಚಯ ಯಾರಿಗೂ ಆಗಲಿಲ್ಲ.

ಆದರೂ ಕಿತ್ತಳೆ ಅಂಗಿಯವನು ಬಯಲಿನ ನಡುವೆ ಮಂಡಿಯೂರಿ, ಒಂದು ಪುಟ್ಟ ಶೀಶೆಗೆ ಮಣ್ಣು ತುಂಬಿದ. ಅವನನ್ನು ನೋಡಿ ಕೆನಡಾದವರು, ಅವರನ್ನು ನೋಡಿ ಆಫ್ರಿಕಾದವರು. ಶೀಶೆ ಇಲ್ಲದವರು ನೀರಿನ ಬಾಟಲಿ ಖಾಲಿ ಮಾಡಿದರು. ಒಬ್ಬ ಹೆಂಗಸು ಕನ್ನಡಕದ ಡಬ್ಬಿಗೆ ಮಣ್ಣು ತುಂಬಿ, ಕನ್ನಡಕವನ್ನು ಕೈಯಲ್ಲಿ ಹಿಡಿದುಕೊಂಡು ನಿಂತರು. ಕೆಲವರ ಕಣ್ಣು ಒದ್ದೆಯಾಗಿತ್ತು, ಅದು ಮಳೆಯೋ ಅಳುವೋ ನನಗೆ ತಿಳಿಯಲಿಲ್ಲ.

ಗೇಟಿನ ಹತ್ತಿರ ನಾನು, ಟೀಚರ್ ಮತ್ತು ಹೊಲದ ಯಜಮಾನ ನಿಂತಿದ್ದೆವು. ಅವನು ಟೋಪಿ ಹಿಂದೆ ಸರಿಸಿ, ಇವರೆಲ್ಲ ಏನು ಮಾಡುತ್ತಿದ್ದಾರೆ ಎಂದು ಕೇಳಿದ. ಹೇಳಿದೆವು. ಅವನು ಸ್ವಲ್ಪ ಹೊತ್ತು ಕೆಮ್ಮಿದ. ಈ ಬಯಲು ತಗ್ಗಾಗಿತ್ತು, ನೀರು ನಿಲ್ಲುತ್ತಿತ್ತು, ಹೋದ ವರ್ಷ ಮೋಟರ್‌ವೇ ಅಗಲ ಮಾಡುವಾಗ ಅಲ್ಲಿಂದ ಲಾರಿಗಟ್ಟಲೆ ಮಣ್ಣು ತರಿಸಿ ಸುರಿಸಿದೆ, ಹಳೇ ಮಣ್ಣು ಬೇಕಾದರೆ ಇವರು ಆಳಕ್ಕೆ ತೋಡಬೇಕು ಅಂದ.

ಹೇಳಿಬಿಡೋಣವೇ ಎಂದು ಎರಡು ಹೆಜ್ಜೆ ಮುಂದಿಟ್ಟೆ, ಬೇಡವೆಂದು ಹಿಂದಿಟ್ಟೆ. ಟೀಚರ್ ನನ್ನ ತೋಳು ಹಿಡಿದರು.

“ಸುಮ್ನಿರು. ಎಲ್ಲಿಂದಲೋ ಬಂದು ಇಲ್ಲಿ ಸೆಟಲ್ ಆಗಿರೋ ಮಣ್ಣು. ನಮ್ಮ ಫ್ಯಾಮಿಲಿಗೆ ಅದಕ್ಕಿಂತ ಸರಿಯಾದ್ದು ಸಿಗಲ್ಲ.”

೪. ಹಾಲಿ

ಕಡೆಯ ದಿನ ಲೀಕ್ಸ್‌ಲಿಪ್‌ನದೇ ಒಂದು ಹಾಲ್‌ನಲ್ಲಿ ಸಭೆ, ಊಟ, ಫೋಟೋ. ಪಾದುಕೆಗೆ ಪೂಜೆ ಮಾಡಿದ ಅವ್ವ ಬರಲೇಬೇಕೆಂದು ಟೀಚರ ಹಟ. ಏನು ಉಟ್ಟುಕೊಳ್ಳಲಿ ಎಂದು ಅವ್ವ ನನ್ನ ಮಗಳ ಮೂಲಕ ಕೇಳಿಸಿದ್ದಳು. ಮಗಳು ಇಲ್ಲೇ ಹುಟ್ಟಿದವಳು. ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಪಕ್ಕಾ ಐರಿಷ್ ರಾಗದ ಇಂಗ್ಲಿಷಿನಲ್ಲಿ. ಟೀಚರ್, ಏನಿದ್ದರೂ ಗ್ರ್ಯಾಂಡ್ ಅಂದರಂತೆ. ಮಗಳು ಬಂದು ಅಜ್ಜಿಗೆ ಆ ಒಂದು ಪದ ಒಪ್ಪಿಸಿದಳು: ಗ್ರ್ಯಾಂಡ್.

ಐರ್ಲೆಂಡಿನಲ್ಲಿ ಗ್ರ್ಯಾಂಡ್ ಅಂದರೆ ಪರವಾಗಿಲ್ಲ, ಆಗಬಹುದು, ನಡೆಯುತ್ತೆ. ನಮ್ಮ ಕಡೆ ಗ್ರ್ಯಾಂಡ್ ಅಂದರೆ ಏನು ಅಂತ ಸೀರೆ ಅಂಗಡಿಗೆ ಹೋದ ಯಾರನ್ನಾದರೂ ಕೇಳಿ. ನಾನು ಭಾನುವಾರ ಕಾರು ತೆಗೆದು ಕಾಯುತ್ತಿದ್ದರೆ, ಅವ್ವ ನನ್ನ ಮದುವೆಯ ರೇಷ್ಮೆ ಸೀರೆ, ಅಂಗೈಯಗಲದ ಜರಿ, ಕಾಸಿನ ಸರ, ತಲೆತುಂಬ ಸೆರಗು ಹೊದ್ದುಕೊಂಡು ಹೊರಗೆ ಬಂದಳು. ಹಾಲ್‌ನಲ್ಲಿ ಎಲ್ಲರೂ ಮಳೆಕೋಟು, ಸ್ವೆಟರ್. ಅವ್ವ ಒಳಗೆ ಕಾಲಿಟ್ಟ ಕೂಡಲೇ ಕೆನಡಾದವರು ಎದ್ದು ನಿಂತರು. ಉದ್ಘಾಟನೆಗೆ ಯಾವುದೋ ದೇಶದ ರಾಯಭಾರಿ ಬಂದಿದ್ದಾರೆ ಎಂದುಕೊಂಡರಂತೆ.

ಬಾಗಿಲಲ್ಲಿ ಎದೆಗೆ ಹೆಸರಿನ ಚೀಟಿ ಅಂಟಿಸುತ್ತಿದ್ದ ಹುಡುಗಿ ನಮ್ಮ ಹೆಸರು ಕೇಳಿ, ಕಾಗುಣಿತ ತಪ್ಪಿದೆಯೆಂದು ತಾನೇ ತಿದ್ದಿಕೊಂಡು, ಅವ್ವ, ಮಗಳು, ನಾನು ಮೂವರಿಗೂ ‘ವಾನ್‌ಹಾಲಿ’ ಅಂಟಿಸಿಬಿಟ್ಟಳು.

ಸಭೆ ಶುರುವಾಯಿತು. ಹಾಲೆಂಡಿನಿಂದ ಬಂದ ಇತಿಹಾಸದ ಪಂಡಿತರು ನಕಾಶೆ ತೋರಿಸುತ್ತ ಮಾತಾಡಿದರು. ಪ್ರೊಜೆಕ್ಟರ್ ನನ್ನ ಕೈಯಲ್ಲಿತ್ತು. ಅವರು ಬಹಳ ಸಂಕೋಚದಿಂದ, ಎಷ್ಟು ಹುಡುಕಿದರೂ ಹಾಲಿ ಎಂಬ ಊರು ಹಾಲೆಂಡಿನಲ್ಲಿ ಸಿಗುತ್ತಿಲ್ಲ ಅಂದರು. ಹಾಲ್‌ನಲ್ಲಿ ಗುಜುಗುಜು ಎದ್ದಿತು. ಇಷ್ಟು ದೂರ ಬಂದು, ಶೀಶೆಗೆ ಮಣ್ಣು ತುಂಬಿಕೊಂಡು, ಕಡೆಗೆ ಊರೇ ಇಲ್ಲ ಅಂದರೆ ಯಾರಿಗೆ ತಾನೇ ನೆಮ್ಮದಿ. ಕಿತ್ತಳೆ ಅಂಗಿಯವನು ಎದ್ದು, ಕೂತು, ಮತ್ತೆ ಎದ್ದ. ಟೀಚರ್ ಮುಂದಿನ ಸಾಲಿನಲ್ಲಿ ಕೂತು ಬ್ರೇಕ್ ಒತ್ತತೊಡಗಿದರು.

ಎಲ್ಲರೂ ಯಾಕೆ ಮುಖ ಸಣ್ಣ ಮಾಡಿಕೊಂಡಿದ್ದಾರೆ ಎಂದು ಅವ್ವ ಕೇಳಿದಳು. ಹೇಳಿದೆ. ಅವಳಿಗೆ ಆಶ್ಚರ್ಯವೋ ಆಶ್ಚರ್ಯ.

“ಹಾಲಿ ಅಂದ್ರ ಇವರಿಗೆ ಗೊತ್ತಿಲ್ಲನು? ಕಚೇರ್ಯಾಗ ಬರಸ್ತಾರಲ್ಲೋ, ಮೂಲ ಗ್ರಾಮ ಇಂಥಾದ್ದು, ಹಾಲಿ ಮುಕ್ಕಾಂ ಇಂಥಾದ್ದು ಅಂತ. ಹಾಲಿ ಅಂದ್ರ ಈಗ ಇರೋ ಜಾಗ. ಅದನ್ನ ನಕಾಶೆದಾಗ ಹುಡುಕಿದ್ರ ಎಲ್ಲಿ ಸಿಕ್ಕೀತು?”

ಹಿಂದಿನಿಂದ ಯಾರೋ, ಆ ಹಿರಿಯರು ಏನೋ ಹೇಳುತ್ತಿದ್ದಾರೆ, ಅನುವಾದ ಮಾಡಿ ಅಂದರು. ಅವ್ವನ ಸೀರೆ ನೋಡಿದ ಮೇಲೆ ಅವಳ ಮಾತನ್ನು ತೆಗೆದುಹಾಕುವ ಧೈರ್ಯ ಅಲ್ಲಿ ಯಾರಿಗೂ ಇರಲಿಲ್ಲ. ನಾನು ತಡವರಿಸುತ್ತ, ನಮ್ಮ ಭಾಷೆಯಲ್ಲಿ ಹಾಲಿ ಅಂದರೆ ಈಗ ವಾಸವಿರುವ ಜಾಗ, ಆ ಲೆಕ್ಕದಲ್ಲಿ ವಾನ್‌ಹಾಲಿ ಅಂದರೆ ‘ಈಗ ಎಲ್ಲಿದ್ದೇವೋ ಅಲ್ಲಿಯವರು’ ಎಂದಾಗುತ್ತದೆ, ಇದು ಬರೀ ನಮ್ಮವ್ವನ ಅಭಿಪ್ರಾಯ, ಡಚ್ಚಿಗೂ ಕನ್ನಡಕ್ಕೂ ಸಂಬಂಧವಿಲ್ಲ ಅಂದೆ. ಕಡೆಯ ವಾಕ್ಯ ಯಾರಿಗೂ ಕೇಳಲಿಲ್ಲ, ಅಷ್ಟರಲ್ಲಿ ಚಪ್ಪಾಳೆ ಬಿದ್ದಾಗಿತ್ತು. ಪಂಡಿತರು ಕನ್ನಡಕ ತೆಗೆದು ಒರೆಸಿಕೊಂಡರು. ಟೀಚರ್ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಆ ಪದವನ್ನು ಬಾಯೊಳಗೇ ಎರಡು ಮೂರು ಸಲ ಹೇಳಿಕೊಂಡರು.

ಕಿತ್ತಳೆ ಅಂಗಿಯವನು ಓಡಿಬಂದು ಅವ್ವನ ಕೈ ಕುಲುಕಿದ. ಆಮೇಲೆ ನನ್ನನ್ನು ಪಕ್ಕಕ್ಕೆ ಎಳೆದು, ನಿಮ್ಮ ತಾಯಿ ಯಾವ ಯೂನಿವರ್ಸಿಟಿ ಎಂದು ಕೇಳಿದ.

೫. ಐರ್ಲೆಂಡ್ ಕವಲು

ಊಟದ ಹೊತ್ತಿಗೆ ಟೀಚರ ಫೋನು ಸದ್ದು ಮಾಡಿತು. ಅವರು ಓದಿದರು, ಚೀಲದಲ್ಲಿಟ್ಟರು, ಮತ್ತೆ ತೆಗೆದು ಓದಿದರು. ಡಗ್ಲಸ್‌ನ ತಮ್ಮನ ಮಗಳು ಬರುವುದಿಲ್ಲವಂತೆ. ಚಿಕ್ಕವನಿಗೆ ಫುಟ್‌ಬಾಲ್ ಪಂದ್ಯ ಇದೆಯಂತೆ, ಫೋಟೋ ಕಳಿಸಿ ಅಂದಿದ್ದಾಳಂತೆ. ನನಗೆ ಸಿಟ್ಟು ಬಂತು. ಅಷ್ಟು ದಿನದಿಂದ ಈ ಮುದುಕಿ ದಾರಿ ನೋಡುತ್ತಿದ್ದಾರೆ, ಒಂದು ಭಾನುವಾರ ಬರಲಾಗುವುದಿಲ್ಲವೇ ಅನ್ನಿಸಿತು. ಏನಾದರೂ ಸಮಾಧಾನ ಹೇಳೋಣವೆಂದು ಹೋದರೆ ಟೀಚರ್ ನನಗೇ, ಇಟ್ಸ್ ಗ್ರ್ಯಾಂಡ್, ಗ್ರ್ಯಾಂಡ್ ಅಂದರು. ಆ ಪದಕ್ಕೆ ಈ ದೇಶದಲ್ಲಿ ಅಳು ಬರುತ್ತಿದೆ ಎಂಬ ಅರ್ಥವೂ ಇದೆ ಎಂದು ನನಗೆ ಅವತ್ತು ಗೊತ್ತಾಯಿತು.

ಫೋಟೋಗ್ರಾಫರ್ ಕುರ್ಚಿ ಹತ್ತಿ ನಿಂತ. ಅಮೆರಿಕ ಅಂದ. ವೇದಿಕೆ ತುಂಬಿ, ಮಿಕ್ಕವರು ಮೆಟ್ಟಿಲಿನ ಮೇಲೆ ನಿಂತರು. ಕೆನಡಾ ಅಂದ, ಅವರೂ ಸಾಕಷ್ಟಿದ್ದರು. ದಕ್ಷಿಣ ಆಫ್ರಿಕಾದವರು ಕೂಸು ಮರಿ ಎಲ್ಲ ಎತ್ತಿಕೊಂಡು ಹೋದರು. ಒಂದೊಂದು ಹೆಸರು ಕರೆದಾಗಲೂ ಟೀಚರ ಕಾಲು ಬ್ರೇಕನ್ನು ಜೋರಾಗಿ ತುಳಿಯುತ್ತಿತ್ತು, ಆದರೆ ಗಾಡಿ ನಿಲ್ಲಲಿಲ್ಲ.

ಐರ್ಲೆಂಡ್ ಅಂದ.

ಟೀಚರ್ ಎದ್ದರು. ಅಷ್ಟು ಎತ್ತರದ ಹೆಂಗಸು ಆ ದೊಡ್ಡ ವೇದಿಕೆಯ ಮೇಲೆ ಒಬ್ಬರೇ ಹೋಗಿ ನಿಂತಾಗ ಸಣ್ಣವರಾಗಿ ಕಂಡರು. ಫೋಟೋಗ್ರಾಫರ್ ಕ್ಯಾಮೆರಾ ಇಳಿಸಿ, ಮಿಕ್ಕವರು ಬರಲಿ ಎಂದು ಕಾದ. ಹಾಲ್‌ನಲ್ಲಿ ಯಾರೋ ಕೆಮ್ಮಿದರು. ಪ್ರೊಜೆಕ್ಟರಿನ ಪಕ್ಕದಲ್ಲಿ ನನಗೆ ಕೂರಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ, ಅಲ್ಲಿರುವ ವೈರುಗಳನ್ನು ಸುಮ್ಮನೆ ಸುತ್ತತೊಡಗಿದೆ.

ಆಗ ಹಿಂದಿನ ಸಾಲಿನಿಂದ ನನ್ನ ಮಗಳು ಬಿಸ್ಕತ್ತಿನ ತಟ್ಟೆ ಕೆಳಗಿಟ್ಟು, ಕೈ ಒರೆಸಿಕೊಂಡು, ಶಾಲೆಯಲ್ಲಿ ಹಾಜರಿ ಕರೆದಾಗ ಏಳುವ ಹಾಗೆ ಎದ್ದು ವೇದಿಕೆಯ ಕಡೆ ನಡೆದಳು. ನಾನು ಹಲ್ಲು ಕಚ್ಚಿ, ಏಯ್, ಕೂತ್ಕೋ ಅಂದೆ. ಅವಳು ನಿಂತು ನನ್ನನ್ನು ನೋಡಿದಳು, ನನಗೇ ಏನೋ ತಲೆಕೆಟ್ಟಿದೆ ಎಂಬ ಹಾಗೆ.

“ಡ್ಯಾಡ್, ಹೀ ಸೆಡ್ ಐರ್ಲೆಂಡ್. ವೇರ್ ಎಲ್ಸ್ ವುಡ್ ಐ ಗೋ, ಲೈಕ್?”

ಬೇರೆಲ್ಲಿಗೆ ಹೋಗಬೇಕು ಎಂದು ನಾನು ಹೇಳಲಿ? ನಾನೇ ಇಷ್ಟು ವರ್ಷದಿಂದ ಆ ಪ್ರಶ್ನೆ ಹೊತ್ತುಕೊಂಡು ಕೂತಲ್ಲಿ ಕೂರದೆ ತಿರುಗುತ್ತಿರುವವನು. ಮೊಮ್ಮಗಳು ಹೊರಟದ್ದು ನೋಡಿ ಅವ್ವನೂ ಸೆರಗು ಸರಿಮಾಡಿಕೊಂಡು ಹಿಂದೆಯೇ ಹೊರಟಳು. ಅವಳಿಗೆ ಏನೂ ಅರ್ಥವಾಗಿರಲಿಲ್ಲ. ಫೋಟೋ ತೆಗೆಯುತ್ತಾರೆ, ಸೀರೆ ಗ್ರ್ಯಾಂಡ್ ಆಗಿದೆ, ಇನ್ನೇನು ಬೇಕು.

ಕಿತ್ತಳೆ ಅಂಗಿಯವನು ಹುಬ್ಬೇರಿಸಿ, ಇವರು ಹುಬ್‌ಹಾಲಿ ಕವಲಿನವರಲ್ಲವೇ, ಬೇರೆ ಫೋಟೋ ಬೇಡವೇ ಎಂದು ಕೇಳಿದ. ಟೀಚರ್ ಆಗ ವೇದಿಕೆಯ ಮೇಲಿಂದ, ಕಾರು ಕಲಿಸುವಾಗಿನ ಗಟ್ಟಿ ದನಿಯಲ್ಲಿ ಹೇಳಿದರು: “ಹಾಲಿ. ಈಗ ಯಾರು ಇಲ್ಲಿದ್ದಾರೋ ಅವರೆಲ್ಲ ಬನ್ನಿ.”

ಮಾತಿನ ಪರಿಣಾಮ ಅವರೂ ಊಹಿಸಿರಲಿಕ್ಕಿಲ್ಲ. ನಾನು ವೈರು ಬಿಸಾಕಿ ಓಡಿದೆ. ಡ್ಯೂಟಿ ಮುಗಿಸಿ ಆಗ ತಾನೇ ಬಾಗಿಲಲ್ಲಿ ಕಾಲಿಟ್ಟ ನನ್ನ ಹೆಂಡತಿಯನ್ನು, ಕೊರಳಲ್ಲಿ ಆಸ್ಪತ್ರೆಯ ಗುರುತುಪಟ್ಟಿ ನೇತಾಡುತ್ತಿರುವ ಹಾಗೆಯೇ ಮಗಳು ಎಳೆದುಕೊಂಡಳು. ಹಾಲ್ ನೋಡಿಕೊಳ್ಳುವ ಮುದುಕ ಬೀಗದ ಗೊಂಚಲಿನ ಸಮೇತ ಬಂದ. ಚಹಾ ಸುರಿಯುತ್ತಿದ್ದ ಪೋಲೆಂಡಿನ ಹುಡುಗಿ ಕೆಟಲ್ ಹಿಡಿದೇ ಬಂದಳು. ಹೊಲದ ಯಜಮಾನ ಊಟಕ್ಕೆಂದು ಬಂದಿದ್ದವನು, ಮಣ್ಣಿನ ವಿ‌ಷಯ ಯಾರಾದರೂ ಕೇಳಿಯಾರು ಎಂದು ಹೆದರಿ ಹಿಂದಿನ ಸಾಲಿನಲ್ಲಿ ಅಡಗಿ ನಿಂತ. ಬಸ್ಸಿನ ಡ್ರೈವರ್ ಕೇರಳದವನು, ಕೇಳದೇ ಬಂದ. ಜಾಗ ಸಾಲದೆ ಫೋಟೋಗ್ರಾಫರ್ ಕುರ್ಚಿಯನ್ನು ಹಿಂದಕ್ಕೆ ಸರಿಸಿದ. ಅಮೆರಿಕದವರು ಕೆಳಗೆ ನಿಂತು ನಮ್ಮನ್ನೇ ನೋಡುತ್ತಿದ್ದರು, ಸ್ವಲ್ಪ ಹೊಟ್ಟೆಕಿಚ್ಚಿನಿಂದ.

ನಾನು ಟೀಚರ ಪಕ್ಕದಲ್ಲಿದ್ದೆ. ಕೆಳಗೆ ನೋಡಿದೆ. ಅವರ ಬಲಗಾಲು ಸುಮ್ಮನೆ ನೆಲದ ಮೇಲಿತ್ತು. ನನ್ನದೂ ಅಲ್ಲಾಡುತ್ತಿರಲಿಲ್ಲ. ನನಗೆ ಬಹಳ ಸಂತೋಷವಾಯಿತು.

ಮನೆಗೆ ಬಂದ ಮೇಲೆ ಅವ್ವ ಸೀರೆ ಮಡಿಸುವ ಮೊದಲೇ ಆ ಫೋಟೋ ವನಹಳ್ಳಿಗೆ ಹೋಯಿತು. ಸ್ವಲ್ಪ ಹೊತ್ತಿಗೆ ಊರಿನಿಂದ ಸೋದರತ್ತೆಯ ವಿಡಿಯೋ ಕಾಲ್. ಅತ್ತೆ ನಮ್ಮೂರು ಬಿಟ್ಟು ಎಲ್ಲೂ ಹೋದವಳಲ್ಲ, ಊರಿನ ಮನೆ ಮನೆಯೂ ಅವಳಿಗೆ ಬಾಯಿಪಾಠ. ಫೋಟೋದಲ್ಲಿ ನಮ್ಮನ್ನೆಲ್ಲ ಗುರುತಿಸಿ, ಆಮೇಲೆ ನಡುವೆ ನಿಂತ ಎತ್ತರದಾಕೆ ಯಾರು ಎಂದು ಕೇಳಿದಳು. ನಾನು ಡಚ್ಚರು, ನೇಕಾರರು ಎಂದು ವಿವರಿಸಲು ಹೊರಡುವುದರೊಳಗೆ ಅವ್ವ ಫೋನು ಕಸಿದುಕೊಂಡಳು.

“ನಮ್ಮಾಕಿನ. ವನಹಳ್ಳ್ಯಾಕಿ,” ಅಂದಳು.

“ಯಾವ ಓಣಿ?”

“ನಮ್ಮ ಎದುರ ಮನಿ.”

ಅತ್ತೆ ಫೋಟೋವನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ಅವಳ ಮುಖ ಅರಳಿತು.

“ಹೌದೌದು, ಈಗ ಗುರ್ತ ಸಿಕ್ತು ನೋಡು. ಅಲ್ಲೆ ಬಿಸಿಲಿಲ್ಲಲ್ಲ, ಪಾಪ, ಎಷ್ಟ ಬೆಳ್ಳಗ ಆಗ್ಯಾಳ.”